ತೊಗರಿ ಪಟ್ಟಿ ಪ್ರೋಗ್ರಾಂ: ಫೈಲ್ ತಿದ್ದಿದ ಮೇಲೂ ಹಳೇ ದರವೇ ಬಂದರೆ

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ತೂಗಿದ ಮೇಲೆ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಬರೆದುಕೊಡುವ ಪಟ್ಟಿಯ ಲೆಕ್ಕ ಚಿಕ್ಕದು. ಒಟ್ಟು ತೂಕದಿಂದ ಖಾಲಿ ಚೀಲದ ತೂಕ ಕಳೆಯಬೇಕು, ಉಳಿದ ನಿವ್ವಳಕ್ಕೆ ಕ್ವಿಂಟಲ್ ದರ ಹಾಕಬೇಕು, ಹಮಾಲಿಯಂಥ ಕಡಿತ ತೆಗೆಯಬೇಕು. ಪೈಥಾನ್ ಕಲಿಯುವವರ ಮೊದಲ ಪ್ರಾಜೆಕ್ಟಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಉತ್ತರ ಸರಿಯೋ ತಪ್ಪೋ ಎಂದು ಮನೆಯಲ್ಲಿ ಒಬ್ಬರಾದರೂ ಬಾಯಿಲೆಕ್ಕದಲ್ಲೇ ಹೇಳಬಲ್ಲರು.

ಈ ಪ್ರಾಜೆಕ್ಟ್ ಕಟ್ಟುವಾಗ ಎಲ್ಲರೂ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. "ಫೈಲ್‌ನಾಗ ರೇಟ್ ಬದಲ್ ಮಾಡೀನ್ರಿ, ಸೇವ್ ಭೀ ಮಾಡೀನಿ, ಆದ್ರ ಹಳಿ ರೇಟೇ ಬರ್ಲಕತ್ತದ." ಲ್ಯಾಪ್‌ಟಾಪ್ ಕೆಟ್ಟಿಲ್ಲ, ಪೈಥಾನೂ ಕೆಟ್ಟಿಲ್ಲ. ಈ ದಾಖಲೆ ಅದೊಂದೇ ತೊಂದರೆಯ ಸುತ್ತ ಇದೆ: ತಿದ್ದಿದ ಮಾಡ್ಯೂಲನ್ನು (ಇಂಪೋರ್ಟ್ ಮಾಡಿ ಬಳಸುವ ಪೈಥಾನ್ ಫೈಲು) ಶೆಲ್ (ಸಾಲು ಹೊಡೆದ ಕೂಡಲೇ ಓಡಿಸಿ ತೋರಿಸುವ ಪೈಥಾನ್ ಕಿಟಕಿ) ಮುಚ್ಚದೆ ಮತ್ತೆ ಲೋಡ್ ಮಾಡುವುದು ಹೇಗೆ, ಮಾಡಿದ ಮೇಲೂ ಹಳೆಯದು ಎಲ್ಲೆಲ್ಲಿ ಅಡಗಿ ಕೂರುತ್ತದೆ.

ಕೋಡಿನ ಪದಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ, ನಮ್ಮ ಫೈಲುಗಳ ಹೆಸರೂ ಸೇರಿ. ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪುತ್ತದೆ ನಿಜ. ಆದರೆ ಅರ್ಧಾಕ್ಷರ ಬಿಡಿಸಿ ತೋರಿಸಲು ಕನ್ನಡ ಕೀಬೋರ್ಡುಗಳು ನಡುವೆ ಸೇರಿಸುವ ಕಣ್ಣಿಗೆ ಕಾಣದ ಚಿಹ್ನೆಯನ್ನು (ಯು+200ಸಿ) ಹೆಸರಿನೊಳಗೆ ಅದು ಒಪ್ಪುವುದಿಲ್ಲ. ಸಿಂಟ್ಯಾಕ್ಸ್ ಎರರ್ ಬರುತ್ತದೆ, ಸಾಲು ನೋಡಿದರೆ ತಪ್ಪೇ ಕಾಣುವುದಿಲ್ಲ. ಕಲಿಯುವ ಹಂತದಲ್ಲಿ ಆ ತಲೆನೋವು ಬೇಡ.

ಬೇಕಾದ್ದು, ಮತ್ತು ಮೂರು ಫೈಲು

4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಧಾರಾಳ ಸಾಕು. ಪೈಥಾನ್ 3.4 ಅಥವಾ ಅದಕ್ಕಿಂತ ಹೊಸದು ಇರಲಿ; ಇಲ್ಲಿಯ ನಡವಳಿಕೆಯೆಲ್ಲ 3.12ಕ್ಕೆ ಹೊಂದುತ್ತದೆ. ಬರೆಯಲು ನೋಟ್‌ಪ್ಯಾಡ್ ಆದರೂ ಆದೀತು. ಸೇವ್ ಮಾಡುವಾಗ ಮಾತ್ರ "ಆಲ್ ಫೈಲ್ಸ್" ಆರಿಸಿ, ಇಲ್ಲದಿದ್ದರೆ ಹೆಸರಿನ ಕೊನೆಗೆ .ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ. ಒಂದೇ ಫೋಲ್ಡರಿನಲ್ಲಿ ಮೂರು ಫೈಲು ಇಡಿ.

ದರ.ಪಿವೈ

```
ಕ್ವಿಂಟಲ್ = 7550
ಹಮಾಲಿ = 10
```

ತೂಕ.ಪಿವೈ

```
ಖಾಲಿ_ಚೀಲ = 0.58

ಡೆಫ್ ನಿವ್ವಳ(ಒಟ್ಟು, ಚೀಲ):
    ರಿಟರ್ನ್ ರೌಂಡ್(ಒಟ್ಟು - ಚೀಲ * ಖಾಲಿ_ಚೀಲ, 2)
```

ಲೆಕ್ಕ.ಪಿವೈ

```
ಇಂಪೋರ್ಟ್ ದರ
ಇಂಪೋರ್ಟ್ ತೂಕ

ಡೆಫ್ ಹಣ(ಒಟ್ಟು, ಚೀಲ):
    ಕ್ವಿ = ತೂಕ.ನಿವ್ವಳ(ಒಟ್ಟು, ಚೀಲ) / 100
    ರಿಟರ್ನ್ ರೌಂಡ್(ಕ್ವಿ * ದರ.ಕ್ವಿಂಟಲ್ - ಚೀಲ * ದರ.ಹಮಾಲಿ, 2)
```

7550 ರೂಪಾಯಿ 2024-25ರ ತೊಗರಿ ಬೆಂಬಲ ಬೆಲೆ, ಕ್ವಿಂಟಲಿಗೆ. ಹಮಾಲಿ ಮತ್ತು ಚೀಲದ ತೂಕ ಬರೀ ಉದಾಹರಣೆಗೆ ಹಾಕಿದ ಅಂಕಿ. ನಿಮ್ಮ ಅಂಗಡಿಯಲ್ಲಿ ಏನು ಹಿಡಿಯುತ್ತಾರೋ ಅದನ್ನು ಹಾಕಿಕೊಳ್ಳಿ.

ಟರ್ಮಿನಲಿನಲ್ಲಿ ಅದೇ ಫೋಲ್ಡರಿಗೆ ಹೋಗಿ ಪೈಥಾನ್ ತೆರೆಯಿರಿ. ಪರೀಕ್ಷೆಗೆ ಒಂದೇ ಪಟ್ಟಿಯನ್ನು ಕೊನೆಯವರೆಗೂ ಬಳಸುವುದು ಒಳ್ಳೆಯದು: 20 ಚೀಲ, ಒಟ್ಟು 1011.6 ಕಿಲೋ. ಚೀಲಗಳ ತೂಕ 11.6 ಕಿಲೋ ಕಳೆದರೆ ಸರಿಯಾಗಿ 10 ಕ್ವಿಂಟಲ್. 75,500ರಲ್ಲಿ ಹಮಾಲಿ 200 ಹೋದರೆ 75,300.

```
>>> ಇಂಪೋರ್ಟ್ ಲೆಕ್ಕ
>>> ಲೆಕ್ಕ.ಹಣ(1011.6, 20)
75300.0
```

ಈಗ ಶೆಲ್ ತೆರೆದೇ ಇರಲಿ. ದರ.ಪಿವೈಯಲ್ಲಿ 7550 ಅಳಿಸಿ 2025-26ರ ಬೆಂಬಲ ಬೆಲೆ 8000 ಬರೆದು ಸೇವ್ ಮಾಡಿ. ಉತ್ತರ 79,800 ಬರಬೇಕು. ಬರುವುದು 75300.0. ಇಂಪೋರ್ಟ್ ಲೆಕ್ಕ ಎಂದು ಮತ್ತೆ ಹತ್ತು ಸಲ ಹೊಡೆದರೂ ಅದೇ.

ಇಂಪೋರ್ಟ್ ಎರಡನೇ ಸಲ ಏನೂ ಮಾಡುವುದಿಲ್ಲ

ಮೊದಲ ಇಂಪೋರ್ಟಿನಲ್ಲಿ ಪೈಥಾನ್ ಫೈಲನ್ನು ಹುಡುಕುತ್ತದೆ, ಒಂದು ಮಾಡ್ಯೂಲ್ ಆಬ್ಜೆಕ್ಟ್ ಹುಟ್ಟಿಸುತ್ತದೆ, ಅದನ್ನು ಸಿಸ್.ಮಾಡ್ಯೂಲ್ಸ್ ಎಂಬ ಡಿಕ್ಷನರಿಯಲ್ಲಿ ಹೆಸರಿನ ಕೆಳಗೆ ದಾಖಲಿಸಿ, ಫೈಲಿನ ಸಾಲುಗಳನ್ನು ಅದರೊಳಗೆ ಓಡಿಸುತ್ತದೆ. ಎರಡನೇ ಇಂಪೋರ್ಟ್ ಬಂದಾಗ ಆ ಡಿಕ್ಷನರಿಯನ್ನಷ್ಟೇ ನೋಡುತ್ತದೆ. ಹೆಸರು ಸಿಕ್ಕರೆ ಅದನ್ನೇ ಎತ್ತಿಕೊಡುತ್ತದೆ. ಡಿಸ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಹತ್ತು ಮಾಡ್ಯೂಲು ಒಂದೇ ಮಾಡ್ಯೂಲನ್ನು ಕೇಳಿದಾಗ ಅದು ಹತ್ತು ಸಲ ಓಡಬಾರದು ಎಂದೇ ಹೀಗೆ ಮಾಡಿದ್ದಾರೆ. ಪ್ರೋಗ್ರಾಂ ನಡೆಸುವವರಿಗೆ ಇದು ಅನುಕೂಲ, ಬರೆಯುತ್ತ ಬರೆಯುತ್ತ ತಿದ್ದುವವರಿಗೆ ಕಿರಿಕಿರಿ.

ಸುಲಭದ ಉಪಾಯ ಶೆಲ್ ಮುಚ್ಚಿ ತೆರೆಯುವುದು. ಐಡಲ್‌ನಲ್ಲಿ (ಪೈಥಾನ್ ಜೊತೆಗೇ ಬರುವ ಎಡಿಟರ್) ಎಫ್5 ಒತ್ತಿದರೆ ಆಗುವುದೂ ಅದೇ: ಶೆಲ್ ಪೂರ್ತಿ ಹೊಸದಾಗಿ ಶುರುವಾಗಿ ಫೈಲ್ ಓಡುತ್ತದೆ. ಫೈಲ್ ಚಿಕ್ಕದು, ಶೆಲ್‌ನಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ ಎಂದಾದರೆ ಅಷ್ಟೇ ಮಾಡಿ, ಮುಂದಿನದು ಓದುವ ಗರಜೇ ಇಲ್ಲ. ಆದರೆ ಇಡೀ ದಿನದ ಪಟ್ಟಿಗಳನ್ನು ಶೆಲ್‌ನಲ್ಲೇ ಟೈಪ್ ಮಾಡಿ ಇಟ್ಟುಕೊಂಡಿದ್ದರೆ, ಅಥವಾ ದೊಡ್ಡ ಎಕ್ಸೆಲ್ ಫೈಲ್ ಓದಿಸಲು ಎರಡು ನಿಮಿಷ ಕಾದಿದ್ದರೆ, ಒಂದು ಅಂಕಿ ತಿದ್ದಲು ಅದನ್ನೆಲ್ಲ ಕಳೆದುಕೊಳ್ಳಲು ಮನಸ್ಸು ಬರುವುದಿಲ್ಲ. ರೀಲೋಡ್ ಇರುವುದು ಅದಕ್ಕೆ.

```
>>> ಇಂಪೋರ್ಟ್ ಇಂಪೋರ್ಟ್‌ಲಿಬ್
>>> ಇಂಪೋರ್ಟ್ ದರ
>>> ಇಂಪೋರ್ಟ್‌ಲಿಬ್.ರೀಲೋಡ್(ದರ)
>>> ಲೆಕ್ಕ.ಹಣ(1011.6, 20)
79800.0
```

ಆವರಣದೊಳಗೆ ಹೋಗಬೇಕಾದದ್ದು ಮಾಡ್ಯೂಲ್, ಅದರ ಹೆಸರಿನ ಸ್ಟ್ರಿಂಗ್ ಅಲ್ಲ. ಉದ್ಧರಣ ಚಿಹ್ನೆ ಹಾಕಿದರೆ ಟೈಪ್ ಎರರ್ ಬರುತ್ತದೆ. ಶೆಲ್‌ನಲ್ಲಿ ದರ ಎಂಬ ಹೆಸರೇ ಇಲ್ಲದಿದ್ದರೆ ನೇಮ್ ಎರರ್. ಲೆಕ್ಕ ತನ್ನೊಳಗೆ ಅದನ್ನು ಇಂಪೋರ್ಟ್ ಮಾಡಿಕೊಂಡಿದ್ದರೂ ನಿಮ್ಮ ಶೆಲ್‌ಗೆ ಆ ಹೆಸರು ಗೊತ್ತಿರುವುದಿಲ್ಲ. ಅದಕ್ಕೇ ಮೇಲೆ ಇಂಪೋರ್ಟ್ ದರ ಎಂಬ ಸಾಲು ಬೇಕಾಯಿತು.

ಹಳೇ ವಿಡಿಯೋ, ಹಳೇ ನೋಟ್ಸ್ ನೋಡಿ ಕಲಿಯುವವರಿಗೆ ಒಂದು ಎಚ್ಚರ. ಪೈಥಾನ್ 2ರಲ್ಲಿ ರೀಲೋಡ್ ಎಂದು ನೇರವಾಗಿ ಕರೆಯಬಹುದಿತ್ತು. 3ರಲ್ಲಿ ಅದು ಇಂಪ್ ಎಂಬ ಮಾಡ್ಯೂಲಿಗೆ ಹೋಯಿತು, 2014ರಲ್ಲಿ ಬಂದ 3.4ರಿಂದ ಇಂಪೋರ್ಟ್‌ಲಿಬ್‌ನಲ್ಲಿದೆ. 2023ರ 3.12ರಲ್ಲಿ ಇಂಪ್ ಅನ್ನು ತೆಗೆದೇ ಹಾಕಿದ್ದಾರೆ. ಇಂಪ್ ಸಿಗುತ್ತಿಲ್ಲ ಎಂಬ ಎರರ್ ಬಂದರೆ ಅದನ್ನು ಪಿಪ್‌ನಿಂದ ಇನ್‌ಸ್ಟಾಲ್ ಮಾಡಲು ಹೋಗಬೇಡಿ, ಸಾಲನ್ನು ಬದಲಿಸಿ.

ರೀಲೋಡ್ ನಿಜವಾಗಿ ಮಾಡುವುದೇನು

ಇದೊಂದು ವಾಕ್ಯ ಗಟ್ಟಿಯಾದರೆ ಉಳಿದ ಎಡವಟ್ಟುಗಳೆಲ್ಲ ತಾವೇ ಬಿಡಿಸಿಕೊಳ್ಳುತ್ತವೆ: ರೀಲೋಡ್ ಹೊಸ ಮಾಡ್ಯೂಲ್ ಮಾಡುವುದಿಲ್ಲ, ಇರುವ ಮಾಡ್ಯೂಲಿನೊಳಗೇ ಫೈಲಿನ ಈಗಿನ ಸಾಲುಗಳನ್ನು ಮತ್ತೊಮ್ಮೆ ಓಡಿಸುತ್ತದೆ. ಆದ್ದರಿಂದ ಮಾಡ್ಯೂಲನ್ನು ಹಿಡಿದುಕೊಂಡವರಿಗೆ ಹೊಸದು ಕಾಣುತ್ತದೆ. ಮಾಡ್ಯೂಲಿನ ಒಳಗಿನ ವಸ್ತುವನ್ನು ಮೊದಲೇ ಕಿತ್ತು ತಂದಿಟ್ಟುಕೊಂಡವರ ಕೈಯಲ್ಲಿ ಹಳೆಯದೇ ಉಳಿಯುತ್ತದೆ.

ಲೆಕ್ಕ.ಪಿವೈಯಲ್ಲಿ ದರ.ಕ್ವಿಂಟಲ್ ಎಂದು ಚುಕ್ಕೆ ಹಾಕಿ ಬರೆದದ್ದು ಇದೇ ಕಾರಣಕ್ಕೆ. ಹಣ ಫಂಕ್ಷನ್ ಓಡುವ ಪ್ರತಿ ಸಲವೂ ದರ ಮಾಡ್ಯೂಲಿನೊಳಗೆ ಹೋಗಿ ಆ ಕ್ಷಣದ ಬೆಲೆ ಕೇಳಿಕೊಂಡು ಬರುತ್ತದೆ, ಹಾಗಾಗಿ ಲೆಕ್ಕವನ್ನು ಮುಟ್ಟದೆಯೇ 79,800 ಬಂತು. ಅದರ ಬದಲು "ಫ್ರಂ ದರ ಇಂಪೋರ್ಟ್ ಕ್ವಿಂಟಲ್" ಎಂದು ಬರೆದಿದ್ದರೆ 7550 ಎಂಬ ಅಂಕಿ ಲೆಕ್ಕದೊಳಗೆ ನಕಲಾಗಿ ಕೂತಿರುತ್ತಿತ್ತು. ಆಗ ದರವನ್ನು ಮೊದಲು, ಲೆಕ್ಕವನ್ನು ನಂತರ ರೀಲೋಡ್ ಮಾಡಬೇಕು. ಕ್ರಮ ತಿರುವುಮುರುವಾದರೆ ಲೆಕ್ಕ ಮತ್ತೆ ಓಡುತ್ತದೆ, ಹಳೇ ದರವನ್ನೇ ಮತ್ತೆ ನಕಲು ಮಾಡಿಕೊಳ್ಳುತ್ತದೆ. ಲೆಕ್ಕವೊಂದನ್ನೇ ರೀಲೋಡ್ ಮಾಡಿದರೂ ಅಷ್ಟೇ: ಅದು ಇಂಪೋರ್ಟ್ ಮಾಡಿಕೊಂಡ ಮಾಡ್ಯೂಲುಗಳನ್ನು ರೀಲೋಡ್ ತಾನಾಗಿ ಹೊಸದು ಮಾಡುವುದಿಲ್ಲ.

ಶೆಲ್‌ನಲ್ಲಿ ಇನ್ನೂ ಗೊಂದಲದ ಒಂದು ಸಂಗತಿ ಇದೆ. ಅದನ್ನು ಕೈಯಾರೆ ಮಾಡಿ ನೋಡುವುದೇ ಸರಿ.

```
>>> ಇಂಪೋರ್ಟ್ ತೂಕ
>>> ಫ್ರಂ ತೂಕ ಇಂಪೋರ್ಟ್ ನಿವ್ವಳ, ಖಾಲಿ_ಚೀಲ
```

ತೂಕ.ಪಿವೈಯಲ್ಲಿ 0.58 ಅನ್ನು 0.60 ಮಾಡಿ ಸೇವ್ ಮಾಡಿ, ತೂಕವನ್ನು ರೀಲೋಡ್ ಮಾಡಿ. ಈಗ ಶೆಲ್‌ನಲ್ಲಿ ಖಾಲಿ_ಚೀಲ ಎಂದು ಹೊಡೆದರೆ 0.58, ಹಳೆಯದು. ನಿವ್ವಳ(1011.6, 20) ಎಂದರೆ ಮಾತ್ರ 999.6, ಅಂದರೆ 0.60ರ ಲೆಕ್ಕ! ಫ್ರಂ ಇಂಪೋರ್ಟಿನಿಂದ ತಂದ ಫಂಕ್ಷನ್ ಹಳೆಯದೇ. ಆದರೆ ಅದು ಓಡುವಾಗ ಖಾಲಿ_ಚೀಲ ಎಂಬ ಹೆಸರನ್ನು ಹುಡುಕುವುದು ತಾನು ಹುಟ್ಟಿದ ಮಾಡ್ಯೂಲಿನ ಡಿಕ್ಷನರಿಯಲ್ಲಿ. ಆ ಡಿಕ್ಷನರಿ ರೀಲೋಡ್ ಆದ ಮೇಲೂ ಅದೇ, ಒಳಗಿನ ಬೆಲೆ ಮಾತ್ರ ಹೊಸದು. ಇದನ್ನು ನೋಡಿ "ಫ್ರಂ ಇಂಪೋರ್ಟೂ ರೀಲೋಡ್ ಆಗುತ್ತದೆ" ಎಂದು ತೀರ್ಮಾನಿಸಿದವರು ಮುಂದಿನ ಹೆಜ್ಜೆಯಲ್ಲಿ ಬೀಳುತ್ತಾರೆ. ಈಗ ಫಂಕ್ಷನ್ನಿನ ಮೈಯನ್ನೇ ತಿದ್ದಿ: ರೌಂಡ್ ಬದಲು ಇಂಟ್ ಹಾಕಿ, ಕೊನೆಯ ", 2" ತೆಗೆದು, ಪೂರ್ಣ ಕಿಲೋ ಮಾತ್ರ ಬರುವಂತೆ ಮಾಡಿ ರೀಲೋಡ್ ಕೊಡಿ. ತೂಕ.ನಿವ್ವಳ 999 ಎನ್ನುತ್ತದೆ, ಬರಿಯ ನಿವ್ವಳ 999.6 ಎನ್ನುತ್ತದೆ. ಎರಡೂ ಬೇರೆ ಫಂಕ್ಷನ್ ಎಂದು ಖಾತ್ರಿ ಮಾಡಿಕೊಳ್ಳಲು "ತೂಕ.ನಿವ್ವಳ ಈಸ್ ನಿವ್ವಳ" ಎಂದು ಕೇಳಿ, ಫಾಲ್ಸ್ ಬರುತ್ತದೆ.

ಡೀಫಾಲ್ಟ್ ಬೆಲೆ ಇಟ್ಟರೆ ಕಥೆ ಮತ್ತೂ ತಿರುಗುತ್ತದೆ. "ಡೆಫ್ ನಿವ್ವಳ(ಒಟ್ಟು, ಚೀಲ, ಖಾಲಿ=ಖಾಲಿ_ಚೀಲ)" ಎಂದು ಬರೆದು ಒಳಗೆ ಖಾಲಿ ಎಂಬುದನ್ನೇ ಬಳಸಿದ್ದರೆ, ಡೆಫ್ ಸಾಲು ಓಡಿದ ಕ್ಷಣದ 0.58 ಅಲ್ಲೇ ಹೆಪ್ಪುಗಟ್ಟುತ್ತದೆ. ಕೈಯಲ್ಲಿರುವ ಹಳೇ ಫಂಕ್ಷನ್ ಆಗ 1000.0 ಎನ್ನುತ್ತಲೇ ಇರುತ್ತದೆ.

ಪರಿಹಾರ ಒಂದೇ ಅಭ್ಯಾಸ. ತಿದ್ದುತ್ತಿರುವಷ್ಟು ದಿನ ನಿಮ್ಮ ಸ್ವಂತ ಮಾಡ್ಯೂಲುಗಳನ್ನು ಇಂಪೋರ್ಟ್ ತೂಕ ಎಂದೇ ತನ್ನಿ, ಚುಕ್ಕೆ ಹಾಕಿಯೇ ಕರೆಯಿರಿ. ಟೈಪಿಂಗ್ ಜಾಸ್ತಿ ಎನಿಸಿದರೆ "ಇಂಪೋರ್ಟ್ ತೂಕ ಆ್ಯಸ್ ತೂ" ಎನ್ನಿ, ಇಂಪೋರ್ಟ್‌ಲಿಬ್.ರೀಲೋಡ್(ತೂ) ಸಹ ನಡೆಯುತ್ತದೆ. ಮ್ಯಾತ್, ಡೇಟ್‌ಟೈಮ್‌ನಂಥ ಪೈಥಾನಿನ ತನ್ನವೇ ಮಾಡ್ಯೂಲುಗಳನ್ನು ನೀವು ತಿದ್ದುವುದಿಲ್ಲ, ಅವುಗಳಿಂದ ಫ್ರಂ ಇಂಪೋರ್ಟ್ ಮಾಡಿದರೆ ತೊಂದರೆಯಿಲ್ಲ.

ಅಳಿಸಿದ್ದು ಅಳಿಯುವುದಿಲ್ಲ, ಉಳಿಸಬೇಕಾದ್ದು ಉಳಿಯುವುದಿಲ್ಲ

ನಿವ್ವಳ ಎಂಬ ಫಂಕ್ಷನ್ನಿಗೆ ನಿವ್ವಳ_ತೂಕ ಎಂದು ಹೆಸರು ಬದಲಿಸಿ ರೀಲೋಡ್ ಮಾಡಿ. ಎರಡೂ ಹೆಸರು ಕೆಲಸ ಮಾಡುತ್ತವೆ. ಹಲಗೆ ಒರೆಸದೆ ಅದರ ಮೇಲೇ ಬರೆದ ಹಾಗೆ ರೀಲೋಡ್: ಹೊಸ ಬರಹ ಬಿದ್ದ ಕಡೆ ಹಳೆಯದು ಮುಚ್ಚುತ್ತದೆ, ಬೀಳದ ಕಡೆ ಹಾಗೇ ಇರುತ್ತದೆ. ಲೆಕ್ಕ.ಪಿವೈ ಇನ್ನೂ ಹಳೇ ಹೆಸರನ್ನು ಕರೆಯುತ್ತಿದ್ದರೂ ಶೆಲ್‌ನಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಮರುದಿನ ಹೊಸ ಶೆಲ್ ತೆರೆದಾಗ ಆಟ್ರಿಬ್ಯೂಟ್ ಎರರ್. "ನಿನ್ನಿ ನಡದಿತ್ತಲ್ರಿ" ಎಂಬ ಮಾತಿನ ಮೂಲ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಹೆಸರು ಬದಲಿಸಿದ, ಏನನ್ನಾದರೂ ಅಳಿಸಿದ ದಿನ ಶೆಲ್ ಮುಚ್ಚಿ ತೆರೆಯಿರಿ, ರೀಲೋಡನ್ನು ನಂಬಬೇಡಿ.

ಇದರ ಎದುರುಮುಖವೂ ಇದೆ. ತೂಕ.ಪಿವೈಯ ತಲೆಯಲ್ಲಿ "ಪಟ್ಟಿಗಳು = []" ಎಂದು ಬರೆದು ದಿನದ ಪಟ್ಟಿಗಳನ್ನು ಅದರಲ್ಲಿ ಸೇರಿಸುತ್ತ ಹೋದರೆ, ರೀಲೋಡ್ ಮಾಡಿದ ಕೂಡಲೇ ಆ ಸಾಲು ಮತ್ತೆ ಓಡುತ್ತದೆ, ಲಿಸ್ಟ್ ಖಾಲಿ. ಡೇಟಾ ಉಳಿಸಲೆಂದೇ ರೀಲೋಡಿಗೆ ಬಂದವರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಹಳೆಯದು ಹೋಗುವುದಿಲ್ಲ ಎಂಬ ಗುಣವನ್ನೇ ಇಲ್ಲಿ ಬಳಸಿಕೊಳ್ಳಬಹುದು:

```
ಟ್ರೈ:
    ಪಟ್ಟಿಗಳು
ಎಕ್ಸೆಪ್ಟ್ ನೇಮ್‌ಎರರ್:
    ಪಟ್ಟಿಗಳು = []
```

ಮೊದಲ ಸಲ ಹೆಸರೇ ಇಲ್ಲ, ಆದ್ದರಿಂದ ಖಾಲಿ ಲಿಸ್ಟ್ ಹುಟ್ಟುತ್ತದೆ. ರೀಲೋಡಿನಲ್ಲಿ ಹೆಸರು ಇರುತ್ತದೆ, ಮುಟ್ಟುವುದಿಲ್ಲ. ಇದಕ್ಕಿಂತ ಮೇಲಾದದ್ದು, ಡೇಟಾವನ್ನು ಡಬ್ಬಿ.ಪಿವೈ ಎಂಬ ನಾಲ್ಕನೇ ಫೈಲಿನಲ್ಲಿಟ್ಟು ಅದನ್ನು ಎಂದೂ ರೀಲೋಡ್ ಮಾಡದಿರುವುದು. ಅದಕ್ಕಿಂತಲೂ ಮೇಲೆಂದರೆ ಪ್ರತಿ ಪಟ್ಟಿ ಸೇರಿದಾಗಲೂ ಜೇಸನ್ ಫೈಲಿಗೆ (ಡೇಟಾ ಬರೆದಿಡುವ ಸರಳ ಪಠ್ಯ ಫೈಲು) ಬರೆದುಬಿಡುವುದು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಹಳೇ ಬ್ಯಾಟರಿಯೂ ಕೈಕೊಟ್ಟರೆ ಶೆಲ್‌ನಲ್ಲಿದ್ದದ್ದು ಯಾವ ಉಪಾಯಕ್ಕೂ ಉಳಿಯುವುದಿಲ್ಲ.

ಕ್ಲಾಸ್ ಬಳಸುವ ಹಂತಕ್ಕೆ ಬಂದವರಿಗೆ: ತೂಕ.ಪಿವೈಯಲ್ಲಿ ಪಟ್ಟಿ ಎಂಬ ಕ್ಲಾಸ್ ಇದ್ದು, ಅದರಿಂದ ಮಾಡಿದ ಹತ್ತು ಆಬ್ಜೆಕ್ಟು ಕೈಯಲ್ಲಿದ್ದರೆ, ರೀಲೋಡ್ ಆದ ಮೇಲೂ ಅವು ಹಳೇ ಕ್ಲಾಸಿನ ಮಕ್ಕಳೇ. ಹೊಸ ಮೆಥಡ್ ಅವಕ್ಕೆ ಸಿಗುವುದಿಲ್ಲ. ಈಸ್‌ಇನ್‌ಸ್ಟನ್ಸ್ ಕೇಳಿದರೆ ಫಾಲ್ಸ್ ಎನ್ನುತ್ತದೆ, ಹೆಸರು ಎರಡು ಕಡೆಯೂ ಒಂದೇ ಕಾಣುತ್ತಿದ್ದರೂ. ಪಿಕಲ್ ಮಾಡಲು (ಆಬ್ಜೆಕ್ಟನ್ನು ಫೈಲಿಗೆ ಉಳಿಸಲು) ಹೋದರೆ ಇದು ಅದೇ ಆಬ್ಜೆಕ್ಟ್ ಅಲ್ಲ ಎಂಬರ್ಥದ ಎರರ್ ಬರುತ್ತದೆ. ತೀರ ಬೇಕಾದರೆ ಒಂದೊಂದರ __ಕ್ಲಾಸ್__ ಗುಣಕ್ಕೆ ಹೊಸ ತೂಕ.ಪಟ್ಟಿಯನ್ನು ಕೊಡಬಹುದು, ಸಾದಾ ಕ್ಲಾಸುಗಳಲ್ಲಿ ನಡೆಯುತ್ತದೆ. ಆದರೆ ಹೊಸ __ಇನಿಟ್__ ಅವುಗಳ ಮೇಲೆ ಓಡಿರುವುದಿಲ್ಲ, ಅಲ್ಲಿ ಸೇರಿಸಿದ ಹೊಸ ಗುಣಗಳು ಇರುವುದಿಲ್ಲ.

ರೀಲೋಡ್ ಅರ್ಧಕ್ಕೆ ನಿಂತಾಗ

ಸಿಂಟ್ಯಾಕ್ಸ್ ತಪ್ಪಿದ್ದರೆ ಭಯವಿಲ್ಲ. ಫೈಲನ್ನು ಪೂರ್ತಿ ಕಂಪೈಲ್ ಮಾಡಿದ ಮೇಲೇ ಓಡಿಸುವುದರಿಂದ ಒಂದು ಸಾಲೂ ಓಡಿರುವುದಿಲ್ಲ, ಹಳೇ ಮಾಡ್ಯೂಲ್ ಇದ್ದಂತೆ ಇರುತ್ತದೆ. ಓಡುವಾಗ ಬರುವ ಎರರ್ ಬೇರೆ. 20ನೇ ಸಾಲಿನಲ್ಲಿ ನೇಮ್ ಎರರ್ ಬಂದರೆ ಮೊದಲ 19 ಸಾಲು ಹೊಸದು, ಕೆಳಗಿನದು ಹಳೆಯದು. ಮಾಡ್ಯೂಲ್ ಸಿಸ್.ಮಾಡ್ಯೂಲ್ಸ್‌ನಲ್ಲೇ ಇರುತ್ತದೆ, ಕರೆದರೆ ಉತ್ತರವನ್ನೂ ಕೊಡುತ್ತದೆ. ಅರ್ಧ ಹೊಸದು ಅರ್ಧ ಹಳೆಯದಾದ ಆ ಉತ್ತರವನ್ನು ಯಾವ ಲೆಕ್ಕಕ್ಕೂ ಹಿಡಿಯಬೇಡಿ. ತಪ್ಪು ತಿದ್ದಿ, ರೀಲೋಡ್ ಪೂರ್ತಿ ಆದ ಮೇಲೇ ನೋಡಿ.

ಸಿಸ್.ಮಾಡ್ಯೂಲ್ಸ್‌ನಿಂದ ಹೆಸರನ್ನು ಡೆಲ್ ಮಾಡಿ ಮತ್ತೆ ಇಂಪೋರ್ಟ್ ಮಾಡುವ ಉಪಾಯವೂ ಬಳಕೆಯಲ್ಲಿದೆ. ಕೆಲಸ ಮಾಡಿದಂತೆ ಕಾಣುತ್ತದೆ, ಆದರೆ ಹುಟ್ಟುವುದು ಬೇರೆಯೇ ಮಾಡ್ಯೂಲ್. ಲೆಕ್ಕದ ಕೈಯಲ್ಲಿರುವ ತೂಕ ಹಳೆಯದು, ಶೆಲ್‌ನ ತೂಕ ಹೊಸದು. ಇಬ್ಬರು ಎರಡು ತಕ್ಕಡಿಯಲ್ಲಿ ತೂಗತೊಡಗುತ್ತಾರೆ. ಕಲಿಯುವವರು ಇದನ್ನು ಬಿಡುವುದೇ ಒಳ್ಳೆಯದು.

ಕೈಕೆಲಸ ಕಡಿಮೆ ಮಾಡುವ ಫೈಲು

ಮೂರು ರೀಲೋಡ್ ಸಾಲನ್ನು ಸರಿಯಾದ ಕ್ರಮದಲ್ಲಿ ಪ್ರತಿ ಸಲ ಹೊಡೆಯುವುದು ಬೇಸರದ ಕೆಲಸ. ತಾಜಾ.ಪಿವೈ ಎಂದು ಇದನ್ನು ಬರೆದಿಟ್ಟುಕೊಳ್ಳಿ:

```
ಇಂಪೋರ್ಟ್ ಇಂಪೋರ್ಟ್‌ಲಿಬ್, ಓಎಸ್, ಟ್ರೇಸ್‌ಬ್ಯಾಕ್
ಇಂಪೋರ್ಟ್ ದರ, ತೂಕ, ಲೆಕ್ಕ

ಸಾಲು = [ದರ, ತೂಕ, ಲೆಕ್ಕ]
ಕಂಡದ್ದು = {}

ಡೆಫ್ ಗುರುತು(ಮಾ):
    ಸ್ಥಿತಿ = ಓಎಸ್.ಸ್ಟ್ಯಾಟ್(ಮಾ.__ಫೈಲ್__)
    ರಿಟರ್ನ್ (ಸ್ಥಿತಿ.ಎಸ್‌ಟಿ_ಎಂಟೈಮ್_ಎನ್‌ಎಸ್, ಸ್ಥಿತಿ.ಎಸ್‌ಟಿ_ಸೈಜ್)

ಫಾರ್ ಮಾ ಇನ್ ಸಾಲು:
    ಕಂಡದ್ದು[ಮಾ.__ನೇಮ್__] = ಗುರುತು(ಮಾ)

ಡೆಫ್ ಹೊಸತು():
    ಬದಲು = ಫಾಲ್ಸ್
    ಫಾರ್ ಮಾ ಇನ್ ಸಾಲು:
        ಈಗ = ಗುರುತು(ಮಾ)
        ಇಫ್ ಈಗ != ಕಂಡದ್ದು[ಮಾ.__ನೇಮ್__]:
            ಬದಲು = ಟ್ರೂ
        ಇಫ್ ಬದಲು:
            ಟ್ರೈ:
                ಇಂಪೋರ್ಟ್‌ಲಿಬ್.ರೀಲೋಡ್(ಮಾ)
            ಎಕ್ಸೆಪ್ಟ್ ಎಕ್ಸೆಪ್ಶನ್:
                ಕಂಡದ್ದು[ಮಾ.__ನೇಮ್__] = ನನ್
                ಟ್ರೇಸ್‌ಬ್ಯಾಕ್.ಪ್ರಿಂಟ್_ಎಕ್ಸ್‌ಸಿ()
                ರಿಟರ್ನ್
            ಕಂಡದ್ದು[ಮಾ.__ನೇಮ್__] = ಈಗ
            ಪ್ರಿಂಟ್("ಹೊಸದಾಯಿತು:", ಮಾ.__ನೇಮ್__)
```

ಶೆಲ್ ತೆರೆದಾಗ "ಇಂಪೋರ್ಟ್ ತಾಜಾ, ದರ, ತೂಕ, ಲೆಕ್ಕ" ಎಂದು ಒಮ್ಮೆ ಹೊಡೆದು, ಫೈಲ್ ತಿದ್ದಿದಾಗಲೆಲ್ಲ ತಾಜಾ.ಹೊಸತು() ಕರೆಯಿರಿ.

ಸಾಲು ಎಂಬ ಲಿಸ್ಟಿನ ಕ್ರಮ ಮುಖ್ಯ: ಯಾರನ್ನೂ ಇಂಪೋರ್ಟ್ ಮಾಡದವರು ಮೊದಲು, ಎಲ್ಲರನ್ನೂ ಇಂಪೋರ್ಟ್ ಮಾಡುವವರು ಕೊನೆಗೆ. ಒಂದು ಫೈಲ್ ಬದಲಾದರೆ ಅದರ ನಂತರದವುಗಳನ್ನೂ ರೀಲೋಡ್ ಮಾಡುತ್ತದೆ, ಹಾಗಾಗಿ ಎಲ್ಲೋ ಒಂದು ಫ್ರಂ ಇಂಪೋರ್ಟ್ ಉಳಿದುಹೋಗಿದ್ದರೂ ಮಾಡ್ಯೂಲುಗಳ ಮಟ್ಟಿಗೆ ಸರಿಹೋಗುತ್ತದೆ. ಶೆಲ್‌ನಲ್ಲಿ ನೀವೇ ಮಾಡಿದ ಫ್ರಂ ಇಂಪೋರ್ಟಿಗೆ ಇದರಿಂದ ಏನೂ ಆಗದು.

ಎಕ್ಸೆಪ್ಟ್‌ನೊಳಗಿನ ನನ್ (ಪೈಥಾನಿನಲ್ಲಿ "ಏನೂ ಇಲ್ಲ" ಎಂಬ ಬೆಲೆ) ಸಾಲನ್ನು ಬಿಡಬೇಡಿ. ದರದಲ್ಲಿ ಮಾಡಿದ ಬದಲಾವಣೆಯಿಂದ ಲೆಕ್ಕ ಬಿದ್ದಿತೆನ್ನಿ. ದರ ಹೊಸದಾಗಿ ದಾಖಲಾಗಿರುತ್ತದೆ, ಲೆಕ್ಕದ ಫೈಲನ್ನು ಯಾರೂ ಮುಟ್ಟಿರುವುದಿಲ್ಲ. ನನ್ ಇಲ್ಲದಿದ್ದರೆ ಎರಡನೇ ಸಲ ಹೊಸತು() ಕರೆದಾಗ ಏನೂ ಬದಲಾಗಿಲ್ಲವೆಂದು ಸುಮ್ಮನಿರುತ್ತದೆ, ಎಲ್ಲ ಸರಿಯಿದೆ ಎಂದು ನೀವು ಮೋಸಹೋಗುತ್ತೀರಿ. ನನ್ ಇದ್ದರೆ ಅದೇ ಎರರ್ ಮತ್ತೆ ಕಾಣುತ್ತದೆ.

ಇದನ್ನು ಥ್ರೆಡ್ಡಿನಲ್ಲಿ (ಹಿನ್ನೆಲೆಯಲ್ಲಿ ಜೊತೆಜೊತೆಗೇ ಓಡುವ ಎಳೆ) ಹಾಕಿ ಸೆಕೆಂಡಿಗೊಮ್ಮೆ ತಾನೇ ನೋಡಿಕೊಳ್ಳುವಂತೆ ಮಾಡುವ ಆಸೆ ಬರುತ್ತದೆ. ಬೇಡ. ಒಂದು ಲೆಕ್ಕ ನಡುವಿನಲ್ಲಿರುವಾಗ ರೀಲೋಡ್ ಬಿದ್ದರೆ ತೂಕ ಹಳೇ ನಿಯಮದ್ದು, ಹಣ ಹೊಸ ದರದ್ದು ಆದೀತು. ಯಾವಾಗ ಹೊಸದಾಗಬೇಕು ಎಂಬುದು ನಿಮ್ಮ ಕೈಯಲ್ಲೇ ಇರಲಿ.

7550 ಮತ್ತು 8000: ಒಂದು ಅಪರೂಪದ ಬಲೆ

ಇಂಪೋರ್ಟ್ ಆದ ಫೈಲಿನ ಕಂಪೈಲ್ ಆದ ರೂಪ __ಪೈಕ್ಯಾಶ್__ ಫೋಲ್ಡರಿನಲ್ಲಿ .ಪಿವೈಸಿ ಆಗಿ ಕೂರುತ್ತದೆ. ಅದರ ತಲೆಯಲ್ಲಿ ಎರಡು ಗುರುತು: ಮೂಲ ಫೈಲ್ ಕೊನೆಗೆ ಬದಲಾದ ಸಮಯ (ಪೂರ್ಣ ಸೆಕೆಂಡಿನಲ್ಲಿ) ಮತ್ತು ಫೈಲಿನ ಗಾತ್ರ. ಎರಡೂ ಹೊಂದಿದರೆ ಪೈಥಾನ್ ಮೂಲವನ್ನು ಓದುವುದೇ ಇಲ್ಲ. 7550 ಮತ್ತು 8000 ಎರಡೂ ನಾಲ್ಕು ಅಂಕಿ, ಫೈಲಿನ ಗಾತ್ರ ಬದಲಾಗುವುದಿಲ್ಲ. ಸೇವ್, ರೀಲೋಡ್, ಮತ್ತೆ ಸೇವ್, ಇಷ್ಟೂ ಒಂದೇ ಸೆಕೆಂಡಿನೊಳಗೆ ಆದರೆ ಮುಂದಿನ ರೀಲೋಡಿಗೂ ಹಳೆಯದೇ ಸಿಗುತ್ತದೆ.

ಕೈಯಿಂದ ತಿದ್ದುವಾಗ ಇಷ್ಟು ಬೇಗ ಯಾರಿಗೂ ಆಗದು. ಸ್ಕ್ರಿಪ್ಟಿನಿಂದ ದರ ಬದಲಿಸಿ ಬದಲಿಸಿ ಪರೀಕ್ಷೆ ಮಾಡುವವರಿಗೆ ಖಂಡಿತ ಆಗುತ್ತದೆ. ಪ್ರಾಜೆಕ್ಟನ್ನು ಫ್ಯಾಟ್32 ಪೆನ್‌ಡ್ರೈವಿನಲ್ಲೇ ಇಟ್ಟು ಕೆಲಸ ಮಾಡಿದರೆ ಸಾಧ್ಯತೆ ಇನ್ನೂ ಹೆಚ್ಚು, ಅಲ್ಲಿ ಸಮಯ ದಾಖಲಾಗುವುದೇ 2 ಸೆಕೆಂಡಿನ ಹೆಜ್ಜೆಯಲ್ಲಿ. ಪೈಥಾನನ್ನು ಮೈನಸ್ ಬಿ (ದೊಡ್ಡ ಬಿ) ಹಾಕಿ ಶುರು ಮಾಡಿದರೆ ಹೊಸ .ಪಿವೈಸಿ ಬರೆಯುವುದಿಲ್ಲ, ಈಗಾಗಲೇ ಇರುವುದನ್ನು ಓದುವುದು ನಿಲ್ಲದ ಕಾರಣ __ಪೈಕ್ಯಾಶ್__ ಫೋಲ್ಡರನ್ನು ಮೊದಲು ಅಳಿಸಿ. ಅಳಿಸಿದರೆ ನಷ್ಟವಿಲ್ಲ, ಅದು ಮತ್ತೆ ಹುಟ್ಟುವಂಥದ್ದು.

ಲ್ಯಾಬಿನ ಹಳೇ ಕಂಪ್ಯೂಟರುಗಳಲ್ಲಿ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುವುದುಂಟು. ಅದರಿಂದ ಇಲ್ಲಿ ತೊಂದರೆಯಾಗದು. ಯಾವುದು ಹೊಸದು ಎಂದು ಪೈಥಾನ್ ಹೋಲಿಸುವುದಿಲ್ಲ, ಸಮಯ ಅದೇ ಹೌದೋ ಅಲ್ಲವೋ ಎಂದಷ್ಟೇ ನೋಡುತ್ತದೆ.

ಇಷ್ಟಾದರೂ ಹಳೆಯದೇ ಬಂದರೆ

ಮೊದಲು ತೂಕ.__ಫೈಲ್__ ಎಂದು ಕೇಳಿ. ಪೈಥಾನ್ ಯಾವ ಫೈಲನ್ನು ಓದಿದೆ ಎಂದು ಪೂರ್ತಿ ದಾರಿ ತೋರಿಸುತ್ತದೆ. ಎಷ್ಟೋ ಸಲ ತೊಂದರೆ ರೀಲೋಡಿನದೇ ಅಲ್ಲ: ತಿದ್ದುತ್ತಿರುವುದು ಡೌನ್‌ಲೋಡ್ಸ್ ಫೋಲ್ಡರಿನ ನಕಲು, ಓಡುತ್ತಿರುವುದು ಡಿ ಡ್ರೈವಿನದು. ವಾಟ್ಸ್ಆ್ಯಪಿನಲ್ಲಿ ಗೆಳೆಯರಿಂದ ಬಂದ ಫೈಲಿಗೆ (1) ಎಂದು ಬಾಲ ಸೇರಿಕೊಂಡಿರುವುದೂ ಸಾಮಾನ್ಯ. ನಿಮ್ಮ ಫೈಲಿಗೆ ರ‍್ಯಾಂಡಮ್ ಎಂದೋ ಸ್ಟ್ರಿಂಗ್ ಎಂದೋ ಹೆಸರಿಟ್ಟಿದ್ದರೆ ಬದಲಿಸಿ, ಪೈಥಾನಿನ ಅದೇ ಹೆಸರಿನ ಮಾಡ್ಯೂಲಿಗೆ ಅಡ್ಡ ನಿಲ್ಲುತ್ತದೆ.

ನೇರವಾಗಿ ಓಡಿಸಿದ ಮುಖ್ಯ ಫೈಲಿಗೆ ರೀಲೋಡ್ ಆಗದು. ಅದರ ಹೆಸರು ಆಗ __ಮೇನ್__ ಆಗಿರುತ್ತದೆ. ಅದನ್ನೇ ಶೆಲ್‌ನಲ್ಲಿ ಇಂಪೋರ್ಟ್ ಮಾಡಿದರೆ ಎರಡನೇ ಪ್ರತಿ ಹುಟ್ಟುತ್ತದೆ. ಮುಖ್ಯ ಫೈಲಿನಲ್ಲಿ ಹತ್ತು ಸಾಲಿಗಿಂತ ಹೆಚ್ಚು ಇಡದೆ, ತಿದ್ದಬೇಕಾದ್ದನ್ನೆಲ್ಲ ಮಾಡ್ಯೂಲುಗಳಿಗೆ ಸಾಗಿಸಿ.

ಟಿಕೆಇಂಟರ್‌ನಿಂದ ಕಿಟಕಿ ಮಾಡಿದ್ದರೆ ಬಟನ್ನುಗಳನ್ನು ನೋಡಿ. "ಕಮಾಂಡ್=ಲೆಕ್ಕ.ತೋರಿಸು" ಎಂದು ಕೊಟ್ಟ ಬಟನ್ ಆ ಕ್ಷಣದ ಫಂಕ್ಷನ್ನನ್ನು ಹಿಡಿದುಕೊಂಡಿರುತ್ತದೆ, ಫ್ರಂ ಇಂಪೋರ್ಟಿನ ಹಾಗೆಯೇ. "ಕಮಾಂಡ್=ಲ್ಯಾಂಬ್ಡಾ: ಲೆಕ್ಕ.ತೋರಿಸು()" ಎಂದು ಬರೆದರೆ ಒತ್ತಿದಾಗಲೆಲ್ಲ ಹೊಸದನ್ನು ಹುಡುಕುತ್ತದೆ.

ಜುಪಿಟರ್ ಅಥವಾ ಐಪೈಥಾನ್ ಬಳಸುವವರು ತಾಜಾ.ಪಿವೈ ಬರೆಯುವುದೇ ಬೇಡ. "%ಲೋಡ್_ಎಕ್ಸ್‌ಟಿ ಆಟೋರೀಲೋಡ್", ನಂತರ "%ಆಟೋರೀಲೋಡ್ 2" ಎಂದರೆ ಪ್ರತಿ ಸೆಲ್ ಓಡುವ ಮುಂಚೆ ಬದಲಾದ ಮಾಡ್ಯೂಲುಗಳನ್ನು ಅದೇ ಹೊಸದು ಮಾಡುತ್ತದೆ. ಹಳೇ ಫಂಕ್ಷನ್ನುಗಳ ಒಳಗಿನ ಕೋಡನ್ನೂ ಬದಲಿಸಲು ಪ್ರಯತ್ನಿಸುವುದರಿಂದ ಫ್ರಂ ಇಂಪೋರ್ಟಿನಿಂದ ತಂದ ಫಂಕ್ಷನ್ನುಗಳು ಬಹುಪಾಲು ಸರಿಯಾಗುತ್ತವೆ. ಹಾಗೆ ತಂದ ಬರಿಯ ಅಂಕಿ, 7550ರಂಥದ್ದು, ಈ 2ನೇ ಬಗೆಯಲ್ಲಿ ಹಳೆಯದಾಗಿಯೇ ಉಳಿಯುತ್ತದೆ.

ಅಂಗಡಿಯ ಕಂಪ್ಯೂಟರಿಗೆ ಕೊಡುವ ಪ್ರತಿಯಲ್ಲಿ ತಾಜಾ.ಪಿವೈ ಇರಬೇಕಾಗಿಲ್ಲ. ಮೂರು ಮಾಡ್ಯೂಲು, ಮುಖ್ಯ ಫೈಲು, ಜೇಸನ್ ಫೈಲು ಸಾಕು. ನಕಲು ಮಾಡುವ ಮುಂಚೆ ಹೊಸ ಶೆಲ್ ತೆರೆದು, ರೀಲೋಡ್ ಇಲ್ಲದೆ, 20 ಚೀಲ 1011.6 ಕಿಲೋದ ಪಟ್ಟಿಯನ್ನು ಓಡಿಸಿ. ಬದಲಿಸಿದ ಹೆಸರನ್ನು ಮತ್ತೆ ನಿವ್ವಳ ಮಾಡಿ, ಅದನ್ನು ಮತ್ತೆ ರೌಂಡ್‌ಗೆ ತಂದು, ದರ 8000, ಖಾಲಿ ಚೀಲ 0.60 ಇದ್ದರೆ ಬರಬೇಕಾದ ಉತ್ತರ 79768.0.